ಮಂದ ಬೆಳಕಿನ ಅಕ್ವೇರಿಯಂಗೆ ಹಸಿರು ಹಾಸು: ಗಿಡಗಳ ಆಯ್ಕೆ ಹೇಗೆ?

ಗಾಜಿನ ತೊಟ್ಟಿಯ ತಳದಲ್ಲಿ ಅಂಗುಲದಷ್ಟು ಎತ್ತರದ ಹಸಿರು ಹಾಸು, ಅದರ ಮೇಲೆ ಅತ್ತಿಂದಿತ್ತ ಸುಳಿಯುವ ಪುಟ್ಟ ಮೀನುಗಳ ಹಿಂಡು. ಮನೆಯಲ್ಲಿ ಅಕ್ವೇರಿಯಂ ಇಡಬೇಕೆಂದು ಹೊರಟ ಹಲವರ ಮನಸ್ಸಿನಲ್ಲಿರುವುದು ಇದೇ ಚಿತ್ರ. ಆದರೆ ಆ ಚಿತ್ರವನ್ನೇ ನಂಬಿ ಗಿಡ ತಂದು ನೆಟ್ಟವರಲ್ಲಿ ಅನೇಕರಿಗೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಉಳಿಯುವುದು ಕೊಳೆತ ಎಲೆಗಳು, ಗಾಜಿಗೆ ಅಂಟಿದ ಪಾಚಿ ಮತ್ತು ಹಣ ನೀರುಪಾಲಾಯಿತೆಂಬ ಬೇಸರ. ತಮ್ಮ ಕೈಗುಣವೇ ಸರಿಯಿಲ್ಲವೆಂದು ಹವ್ಯಾಸವನ್ನೇ ಕೈಬಿಟ್ಟವರೂ ಉಂಟು.

ಬಹುಪಾಲು ಸಂದರ್ಭಗಳಲ್ಲಿ ಇಲ್ಲಿ ಎಡವಟ್ಟಾಗಿರುವುದು ಆಯ್ಕೆಯಲ್ಲಿ. ತೊಟ್ಟಿಯಲ್ಲಿ ಲಭ್ಯವಿರುವ ಬೆಳಕಿಗೂ ತಂದ ಗಿಡ ಬಯಸುವ ಬೆಳಕಿಗೂ ತಾಳಮೇಳ ಇರುವುದಿಲ್ಲ. ಸಾಧಾರಣ ಎಲ್‌ಇಡಿ ದೀಪ, ಒಂದು ಫಿಲ್ಟರ್, ನಲ್ಲಿಯ ನೀರು - ಇಷ್ಟೇ ಇರುವ ತೊಟ್ಟಿಯಲ್ಲೂ ಮುಂಭಾಗವನ್ನು ಹಸಿರಾಗಿಸಲು ಸಾಧ್ಯವಿದೆ. ಆದರೆ ಅದಕ್ಕೆ ಹೊಂದುವ ಗಿಡಗಳ ಪಟ್ಟಿ ಚಿಕ್ಕದು ಮತ್ತು ಅವು ಹಬ್ಬಲು ತೆಗೆದುಕೊಳ್ಳುವ ಕಾಲ ದೀರ್ಘ. ಈ ಎರಡು ಸಂಗತಿಗಳನ್ನು ಒಪ್ಪಿಕೊಂಡವರಿಗೆ ಉಳಿದ ಕೆಲಸ ಕಷ್ಟವೇನಲ್ಲ.

ಚಿತ್ರ ಬಂದದ್ದು ಎಲ್ಲಿಂದ?

ಹುಲ್ಲುಗಾವಲಿನಂಥ ಅಕ್ವೇರಿಯಂಗಳನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954-2015) ಪ್ರಮುಖರು. ನಿಗಾಟ ಪ್ರಾಂತದ ಅವರು 1982ರಲ್ಲಿ ಅಕ್ವಾ ಡಿಸೈನ್ ಅಮಾನೊ ಸಂಸ್ಥೆಯನ್ನು ಸ್ಥಾಪಿಸಿದರು. 'ನೇಚರ್ ಅಕ್ವೇರಿಯಂ' ಎಂದು ಅವರು ಕರೆದ ಶೈಲಿ 90ರ ದಶಕದಲ್ಲಿ ಪುಸ್ತಕಗಳ ಮೂಲಕ ಎಲ್ಲೆಡೆ ಹಬ್ಬಿತು.

ಆ ಚಿತ್ರಗಳಲ್ಲಿ ಕಾಣುವ ಹಾಸಿಗೆ ಹೆಚ್ಚಾಗಿ ಬಳಕೆಯಾಗುವುದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಮೂಲದ ಗ್ಲೋಸೊಸ್ಟಿಗ್ಮಾ, ಕ್ಯೂಬಾ ಮೂಲದ ಹೆಮಿಯಾಂತಸ್ ಕ್ಯಾಲಿಟ್ರಿಕಾಯ್ಡಿಸ್, ನೀರಿನಲ್ಲಿ ತೇಲುವ ರಿಕ್ಸಿಯಾ ಮೊದಲಾದವು. ಅಲ್ಲಿ ಪ್ರಖರ ದೀಪಗಳಿರುತ್ತವೆ. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಅನಿಲವನ್ನು ನೀರಿಗೆ ಹಾಯಿಸಲಾಗುತ್ತದೆ. ಗೊಬ್ಬರ ಮತ್ತು ಕತ್ತರಿ ಕೆಲಸ ನಿತ್ಯವೂ ನಡೆಯುತ್ತದೆ. ಛಾಯಾಚಿತ್ರದಲ್ಲಿ ಇವು ಯಾವುವೂ ಕಾಣುವುದಿಲ್ಲ. ಅದೇ ಗಿಡವನ್ನು ಸಾಧಾರಣ ತೊಟ್ಟಿಯಲ್ಲಿ ನೆಟ್ಟರೆ ಅದು ಬೆಳಕನ್ನು ಹುಡುಕುತ್ತ ಮೇಲಕ್ಕೆ ನೀಳವಾಗಿ ಏಳುತ್ತದೆ, ಬುಡ ಹಳದಿಯಾಗುತ್ತದೆ, ಕೊನೆಗೆ ಬೇರು ಬಿಟ್ಟು ತೇಲುತ್ತದೆ.

ಮುಂಭಾಗದ ಗಿಡ, ಹಾಸುಗಿಡ

ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ವ್ಯತ್ಯಾಸವಿದೆ. ಸುಮಾರು 10 ಸೆಂ.ಮೀ.ಗಿಂತ ಎತ್ತರ ಬೆಳೆಯದ, ನೋಡುವವರ ಕಣ್ಣಿಗೆ ಹಿಂದಿನ ಗಿಡಗಳನ್ನು ಮರೆಮಾಡದ ಯಾವ ಗಿಡವೂ ಮುಂಭಾಗದ ಗಿಡವೇ. ಅವುಗಳಲ್ಲಿ ಗರಿಕೆಯಂತೆ ಕುಡಿಗಳನ್ನು ಚಾಚಿ ನೆಲವನ್ನು ತಾನಾಗಿ ಮುಚ್ಚಬಲ್ಲವು ಮಾತ್ರ ಹಾಸುಗಿಡಗಳು. ಮಂದ ಬೆಳಕಿನಲ್ಲಿ ಮೊದಲ ಗುಂಪಿನ ಆಯ್ಕೆ ಧಾರಾಳವಾಗಿದೆ, ಎರಡನೆಯದು ಬೆರಳೆಣಿಕೆಯದು. ಹೀಗಾಗಿ ಹಾಸುಗಿಡವೇ ಬೇಕೆಂಬ ಹಟ ಬಿಟ್ಟು ಎರಡನ್ನೂ ಬೆರೆಸಿ ಬಳಸುವುದು ಜಾಣತನ.

ಮಂದ ಬೆಳಕು ಎಂದರೆ ಎಷ್ಟು?

ಹಳೆಯ ಕೈಪಿಡಿಗಳಲ್ಲಿ ಗ್ಯಾಲನ್ ನೀರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕ ಕಾಣಸಿಗುತ್ತದೆ. ಅದು ಟ್ಯೂಬ್‌ಲೈಟ್‌ಗಳ ಕಾಲದ ಲೆಕ್ಕ. ವ್ಯಾಟ್ ಎಂಬುದು ದೀಪ ನುಂಗುವ ವಿದ್ಯುತ್ತಿನ ಅಳತೆಯೇ ಹೊರತು ಅದು ಕೊಡುವ ಬೆಳಕಿನದಲ್ಲ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುವ ಎಲ್‌ಇಡಿಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಈಗ ಹವ್ಯಾಸಿಗಳಲ್ಲಿ ವಾಡಿಕೆಯಲ್ಲಿರುವುದು ಲೀಟರ್ ನೀರಿಗೆ ಎಷ್ಟು ಲ್ಯುಮೆನ್ ಎಂಬ ಅಳತೆ. ಸ್ಥೂಲವಾಗಿ ಲೀಟರಿಗೆ 10ರಿಂದ 20 ಲ್ಯುಮೆನ್ ಇದ್ದರೆ ಮಂದ, 20ರಿಂದ 40 ಇದ್ದರೆ ಮಧ್ಯಮ, ಅದಕ್ಕೂ ಮೇಲ್ಪಟ್ಟರೆ ಪ್ರಖರ ಎಂದು ಪರಿಗಣಿಸಲಾಗುತ್ತದೆ.

ಉದಾಹರಣೆಗೆ, ಎರಡು ಅಡಿ ಉದ್ದದ ಸಾಮಾನ್ಯ ತೊಟ್ಟಿಯನ್ನು ತೆಗೆದುಕೊಳ್ಳಬಹುದು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ ಇದರ ಒಟ್ಟು ಗಾತ್ರ ಸುಮಾರು 65 ಲೀಟರ್. ಮರಳು, ಕಲ್ಲು ಮತ್ತು ಮೇಲ್ಭಾಗದ ಖಾಲಿ ಜಾಗವನ್ನು ಕಳೆದರೆ ನೀರು ಹಿಡಿಯುವುದು 50 ಲೀಟರ್ ಆಸುಪಾಸು. ಅಂದರೆ 500ರಿಂದ 1000 ಲ್ಯುಮೆನ್ ಬೆಳಕು ಕೊಡುವ ದೀಪವಿದ್ದರೆ ಅದು ಮಂದ ಬೆಳಕಿನ ತೊಟ್ಟಿ. ದೀಪದ ಡಬ್ಬದ ಮೇಲೆ ಈ ಅಂಕಿ ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ.

ಈ ಲೆಕ್ಕದಲ್ಲಿ ಒಂದು ಕೊರತೆಯಿದೆ. ಹಾಸುಗಿಡ ಇರುವುದು ತೊಟ್ಟಿಯ ತಳದಲ್ಲಿ, ದೀಪದಿಂದ ಅತಿ ದೂರದಲ್ಲಿ. ತೊಟ್ಟಿ ಆಳವಾದಷ್ಟೂ ತಳಕ್ಕೆ ತಲುಪುವ ಬೆಳಕು ಕಡಿಮೆ. ಜೊತೆಗೆ ಹಿಂದಿನ ಎತ್ತರದ ಗಿಡಗಳ ನೆರಳು, ಮೇಲೆ ತೇಲುವ ಎಲೆಗಳು, ನೀರಿನ ಹನಿಗಳಿಂದ ಮಸುಕಾದ ಮುಚ್ಚಳದ ಗಾಜು - ಇವೆಲ್ಲ ತಮ್ಮ ಪಾಲನ್ನು ಕಸಿಯುತ್ತವೆ. ಮುಚ್ಚಳದ ಗಾಜನ್ನು ವಾರಕ್ಕೊಮ್ಮೆ ಒರೆಸುವುದರಿಂದಲೇ ಬೆಳಕಿನಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುವುದುಂಟು. ದೀಪದ ಪಟ್ಟಿಯನ್ನು ತೊಟ್ಟಿಯ ನಡುವೆ ಇಡುವ ಬದಲು ಸ್ವಲ್ಪ ಮುಂದಕ್ಕೆ ಸರಿಸಿದರೆ ಮುಂಭಾಗದ ಗಿಡಗಳಿಗೆ ಅನುಕೂಲ.

ದೀಪ ಹೆಚ್ಚಿಸಿದರೆ ಸಾಲದೆ?

ಇದು ಎಲ್ಲರೂ ಕೇಳುವ ಪ್ರಶ್ನೆ, ಬಹಳಷ್ಟು ತೊಟ್ಟಿಗಳನ್ನು ಹಾಳುಗೆಡವಿದ ಯೋಚನೆಯೂ ಹೌದು. ಗಿಡ ಆಹಾರ ತಯಾರಿಸಲು ಬೆಳಕಿನ ಜೊತೆಗೆ ಇಂಗಾಲದ ಡೈಆಕ್ಸೈಡ್ ಬೇಕು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಈ ಅನಿಲ ಪಸರಿಸುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಅನಿಲ ಹಾಯಿಸದ ತೊಟ್ಟಿಯಲ್ಲಿ ಅದರ ಪ್ರಮಾಣ ಲೀಟರಿಗೆ ಕೆಲವೇ ಮಿಲಿಗ್ರಾಂ. ಅನಿಲ ಹಾಯಿಸುವವರು ಇಟ್ಟುಕೊಳ್ಳುವ ಗುರಿ 20ರಿಂದ 30 ಮಿಲಿಗ್ರಾಂ.

ಇಂಗಾಲ ಹೆಚ್ಚದೆ ಬೆಳಕೊಂದೇ ಹೆಚ್ಚಿದರೆ ಗಿಡ ಅದನ್ನು ಬಳಸಿಕೊಳ್ಳಲಾರದು. ಉಳಿದ ಬೆಳಕು ಪಾಚಿಯ ಪಾಲಾಗುತ್ತದೆ. ನಿಧಾನವಾಗಿ ಬೆಳೆಯುವ ಗಿಡದ ಎಲೆ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಇರುವುದರಿಂದ ಅದರ ಮೇಲೆ ಕಪ್ಪು ಕುಚ್ಚಿನಂಥ ಪಾಚಿ, ಹಸಿರು ಚುಕ್ಕೆಗಳು ಬೇಗ ನೆಲೆಗೊಳ್ಳುತ್ತವೆ. ಆದ್ದರಿಂದ ಅನಿಲದ ವ್ಯವಸ್ಥೆ ಇಲ್ಲದವರ ಪಾಲಿಗೆ ಮಂದ ಬೆಳಕು ಕೊರತೆಯಲ್ಲ, ರಕ್ಷಣೆ. 'ದ್ರವ ಕಾರ್ಬನ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಹಲವು ಸೀಸೆಗಳಲ್ಲಿರುವುದು ಗ್ಲುಟರಾಲ್ಡಿಹೈಡ್ ಎಂಬ ಸೋಂಕುನಿವಾರಕ. ಅದು ಪಾಚಿಯನ್ನು ಕೊಲ್ಲಬಹುದು. ಪ್ರಮಾಣ ಮೀರಿದರೆ ಮೀನಿಗೂ ಮಾಸ್ ಜಾತಿಯ ಗಿಡಗಳಿಗೂ ಅಪಾಯ. ಅನಿಲಕ್ಕೆ ಅದು ಬದಲಿಯಾಗದು.

ಕೆಸುವಿನ ಬಂಧುಗಳು

ಮಂದ ಬೆಳಕಿನ ಪಟ್ಟಿಯನ್ನು ಗಮನಿಸಿದರೆ ಒಂದು ಕುತೂಹಲದ ಅಂಶ ಕಾಣುತ್ತದೆ. ಇವುಗಳಲ್ಲಿ ಬಹಳಷ್ಟು ನಮ್ಮ ಮಲೆನಾಡಿನವರು ಪತ್ರೊಡೆಗೆ ಬಳಸುವ ಕೆಸುವಿನ ಕುಟುಂಬಕ್ಕೆ ಸೇರಿದವು. ತೊರೆಯ ಅಂಚಿನಲ್ಲಿ, ದಟ್ಟ ಮರಗಳ ನೆರಳಿನಲ್ಲಿ ಬೆಳೆಯುವುದು ಈ ಕುಟುಂಬದ ಅನೇಕ ಗಿಡಗಳ ಸ್ವಭಾವ. ಕಡಿಮೆ ಬೆಳಕಿನಲ್ಲಿ ಬದುಕುವುದು ಅವುಗಳಿಗೆ ಹೊಸದಲ್ಲ.

ಕ್ರಿಪ್ಟೊಕೊರೈನ್ ಪಾರ್ವಾ: ಶ್ರೀಲಂಕಾದಲ್ಲಿ ಮಾತ್ರ ನೈಸರ್ಗಿಕವಾಗಿ ಕಂಡುಬರುವ ಈ ಗಿಡವನ್ನು 1970ರಲ್ಲಿ ಡಚ್ ಸಸ್ಯವಿಜ್ಞಾನಿ ಡಿ ವಿಟ್ ವರ್ಣಿಸಿದರು. ತನ್ನ ಕುಲದಲ್ಲೇ ಅತಿ ಚಿಕ್ಕದು. ಎತ್ತರ ಸಾಮಾನ್ಯವಾಗಿ 4ರಿಂದ 8 ಸೆಂ.ಮೀ. ಕತ್ತರಿ ಹಾಕುವ ಅಗತ್ಯವೇ ಬೀಳುವುದಿಲ್ಲ. ಒಮ್ಮೆ ನೆಲೆನಿಂತರೆ ವರ್ಷಗಟ್ಟಲೆ ಉಳಿಯುತ್ತದೆ. ಇದರ ದೋಷ ಒಂದೇ, ಆಮೆಯ ವೇಗ. ಮಂದ ಬೆಳಕಿನಲ್ಲಿ ನೆಲ ಮುಚ್ಚಲು ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ತನ್ನ ಕುಲದ ಇತರ ಗಿಡಗಳಿಗಿಂತ ಇದು ತುಸು ಹೆಚ್ಚು ಬೆಳಕು ಬಯಸುವುದರಿಂದ ಪೂರ್ತಿ ನೆರಳಿನ ಮೂಲೆಯಲ್ಲಿ ನೆಡಬಾರದು.

ಕ್ರಿಪ್ಟೊಕೊರೈನ್ ವೆಂಟಿಐ: ಇದೂ ಶ್ರೀಲಂಕಾದ್ದೇ. ಹಸಿರು, ಕಂದು, ತಾಮ್ರ ಬಣ್ಣದ ಬಗೆಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಎತ್ತರ 10 ಸೆಂ.ಮೀ. ಮೀರುವುದರಿಂದ ಹಾಸುಗಿಡವೆನ್ನಲಾಗದು. ಆದರೆ ಮುಂಭಾಗ ಮತ್ತು ನಡುಭಾಗದ ಗಡಿಯಲ್ಲಿ ನೆಟ್ಟರೆ ತೊಟ್ಟಿಗೆ ಬೇಗ ತುಂಬಿದ ನೋಟ ಬರುತ್ತದೆ. ಹೊಸಬರು ಮೊದಲು ಕೊಳ್ಳಬೇಕಾದ ಗಿಡ ಇದು.

ಅನೂಬಿಯಸ್ ನಾನಾ ಪೆಟೀಟ್: ಪಶ್ಚಿಮ ಆಫ್ರಿಕ ಮೂಲದ ಅನೂಬಿಯಸ್‌ನ ಕುಬ್ಜ ತಳಿ. ಬೆರಳಿನ ಉಗುರಿನಷ್ಟೇ ದೊಡ್ಡದಾದ, ದಪ್ಪನೆಯ ಗಾಢ ಹಸಿರು ಎಲೆ. ಇದರ ಕಾಂಡ ಶುಂಠಿಯಂತೆ ಅಡ್ಡಲಾಗಿ ಬೆಳೆಯುತ್ತದೆ. ಆ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುವುದು ಖಚಿತ. ಚಿಕ್ಕ ಚಪ್ಪಟೆ ಕಲ್ಲುಗಳಿಗೆ ಹತ್ತಿಯ ದಾರದಲ್ಲಿ ಕಟ್ಟಿ, ಆ ಕಲ್ಲುಗಳನ್ನು ಒತ್ತಾಗಿ ಜೋಡಿಸಿದರೆ ಹಾಸಿನ ನೋಟ ಬರುತ್ತದೆ. ಬೋರ್ನಿಯೋ ದ್ವೀಪದ ಬ್ಯುಸೆಫಲಾಂಡ್ರಾ ಗಿಡಗಳಿಗೂ ಇದೇ ಕ್ರಮ. ಆದರೆ ಅವುಗಳ ಬೆಲೆ ಹೆಚ್ಚು.

ಜರೀಗಿಡ ಮತ್ತು ಮಾಸ್‌ಗಳು

ಮಾರ್ಸಿಲಿಯಾ: ಗದ್ದೆಯ ಬದು, ಕೆರೆಯಂಚಿನ ಕೆಸರಿನಲ್ಲಿ ನಾಲ್ಕು ದಳದ ಪುಟ್ಟ ಎಲೆ ಬಿಡುವ ಜರೀಗಿಡವನ್ನು ಹಳ್ಳಿಗರು ಕಂಡಿರುತ್ತಾರೆ. ಅದೇ ಕುಲದ, ಆಸ್ಟ್ರೇಲಿಯ ಮೂಲದ ಮಾರ್ಸಿಲಿಯಾ ಹಿರ್ಸುಟಾ ಮತ್ತು ಆಗ್ನೇಯ ಏಷ್ಯಾದ ಮಾರ್ಸಿಲಿಯಾ ಕ್ರೆನಾಟಾ ಅಕ್ವೇರಿಯಂಗೆ ಬಳಕೆಯಲ್ಲಿವೆ. ನೀರಿನಿಂದ ಹೊರಗೆ ಬೆಳೆದಾಗ ನಾಲ್ಕು ದಳದ ಎಲೆ ಇರುತ್ತದೆ. ಮುಳುಗಿದ ಮೇಲೆ ಬರುವ ಹೊಸ ಎಲೆ ಬಹುತೇಕ ಒಂಟಿ ದಳದ್ದು, ನೆಲಕ್ಕೆ ಅಂಟಿಕೊಂಡಂತೆ. ಬೇರೆ ಗಿಡ ಬಂತೇನೋ ಎಂದು ಗಾಬರಿಯಾಗಬೇಕಿಲ್ಲ. ಮಂದ ಬೆಳಕಿನಲ್ಲಿ ನಿಜವಾದ ಅರ್ಥದಲ್ಲಿ ಹಬ್ಬಬಲ್ಲ ಹಾಸುಗಿಡ ಯಾವುದೆಂದು ಕೇಳಿದರೆ ಮೊದಲು ಹೇಳಬೇಕಾದ ಹೆಸರು ಇದು. ಮೊದಲ ಎರಡು ಮೂರು ತಿಂಗಳು ಏನೂ ಆಗುತ್ತಿಲ್ಲವೆಂದು ತೋರುತ್ತದೆ. ಬೇರು ಹಿಡಿದ ನಂತರ ಕುಡಿಗಳು ಓಡತೊಡಗುತ್ತವೆ.

ಜಾವಾ ಮಾಸ್: ಮಳೆಗಾಲದಲ್ಲಿ ಬಂಡೆ, ಗೋಡೆಗಳ ಮೇಲೆ ಕಾಣುವ ಹಾವಸೆ ಸಸ್ಯಗಳ ಗುಂಪಿಗೆ ಸೇರಿದ್ದು. ಅಗ್ಗ, ಗಟ್ಟಿಮುಟ್ಟು, ಬೆಳಕಿನ ಹಂಗಿಲ್ಲ. ಇದಕ್ಕೆ ನಿಜವಾದ ಬೇರಿಲ್ಲವಾದ್ದರಿಂದ ಮರಳಿನಲ್ಲಿ ನೆಡಲಾಗದು. ತುಕ್ಕು ಹಿಡಿಯದ ಸ್ಟೀಲ್ ಜಾಲರಿಯ ತುಂಡುಗಳ ಮೇಲೆ ತೆಳ್ಳಗೆ ಹರಡಿ ದಾರ ಸುತ್ತಿ ತಳದಲ್ಲಿ ಹಾಸಬೇಕು. ದಪ್ಪಗೆ ಹರಡಿದರೆ ಅಡಿಭಾಗ ಕೊಳೆಯುತ್ತದೆ. ತಿಂಗಳಿಗೊಮ್ಮೆ ಕತ್ತರಿಸದಿದ್ದರೆ ಹಾಸು ಹೋಗಿ ಪೊದೆಯಾಗುತ್ತದೆ. ಕ್ರಿಸ್‌ಮಸ್ ಮಾಸ್ ಇದಕ್ಕಿಂತ ಅಚ್ಚುಕಟ್ಟು, ಬೆಳವಣಿಗೆ ನಿಧಾನ. ಮಾಸ್‌ಗಳು ತಂಪು ನೀರನ್ನು ಇಷ್ಟಪಡುತ್ತವೆ. ನೀರು 30 ಡಿಗ್ರಿ ಮುಟ್ಟುವ ಕರಾವಳಿ ಮತ್ತು ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಇವು ಸೊರಗಬಹುದು. ಅಲ್ಲಿಯವರಿಗೆ ಕ್ರಿಪ್ಟೊಕೊರೈನ್ ಮತ್ತು ಅನೂಬಿಯಸ್ ಹೆಚ್ಚು ನಂಬಿಕಸ್ಥ.

ಹುಲ್ಲಿನಂಥ ಗಿಡ ಬೇಕೆನ್ನುವವರಿಗೆ

ಹುಲ್ಲಿನ ನೋಟವೇ ಬೇಕೆನ್ನುವವರಿಗೆ ಮಂದ ಬೆಳಕಿನಲ್ಲಿ ಉಳಿದಿರುವ ದಾರಿ ಅಮೆರಿಕ ಮೂಲದ ಕುಬ್ಜ ಸಜಿಟೇರಿಯಾ. ಇದು ಕುಡಿ ಚಾಚಿ ಹಬ್ಬುತ್ತದೆ, ಗಡಸು ನೀರನ್ನೂ ಸಹಿಸುತ್ತದೆ. ಬೋರ್‌ವೆಲ್ ನೀರನ್ನೇ ನಂಬಿದವರಿಗೆ ಇದು ಅನುಕೂಲ. ಆದರೆ ಹೆಸರಿನಲ್ಲಿರುವ 'ಕುಬ್ಜ' ಎಂಬ ವಿಶೇಷಣವನ್ನು ಪೂರ್ತಿ ನಂಬುವಂತಿಲ್ಲ. ಒಂದು ತೊಟ್ಟಿಯಲ್ಲಿ 5 ಸೆಂ.ಮೀ.ಗೆ ನಿಂತರೆ ಇನ್ನೊಂದರಲ್ಲಿ 20 ಸೆಂ.ಮೀ. ದಾಟುವುದುಂಟು. ಕಬ್ಬಿಣದ ಅಂಶ ಸಾಲದಿದ್ದರೆ ಎಲೆ ಹಳದಿಯಾಗುತ್ತದೆ.

ಹೆಲಾಂಥಿಯಂ ಟೆನೆಲ್ಲಂ ಎಂಬ ಹುಲ್ಲಿನಂಥ ಗಿಡ ಮಧ್ಯಮ ಬೆಳಕಿಗೆ ಹತ್ತಿರವಿರುವ ತೊಟ್ಟಿಗಳಲ್ಲಿ ಬರುತ್ತದೆ. ಎಲಿಯೊಕಾರಿಸ್ ಅಥವಾ 'ಹೇರ್ ಗ್ರಾಸ್', ಮಾಂಟೆ ಕಾರ್ಲೊ, ಸ್ಟಾರೊಜೀನ್ ರೆಪೆನ್ಸ್ - ಇವನ್ನು 'ಸುಲಭ' ಎಂದು ಮಾರಲಾಗುತ್ತದಾದರೂ ಮಂದ ಬೆಳಕಿನಲ್ಲಿ ಸಾಯದೆ ಉಳಿದರೂ ಹಬ್ಬುವುದಿಲ್ಲ. ಗ್ಲೋಸೊಸ್ಟಿಗ್ಮಾ ಮತ್ತು ಕ್ಯೂಬಾ ಗಿಡದ ಆಸೆಯನ್ನು ಬಿಡುವುದೇ ಲೇಸು.

ಅಂಗಡಿಯಲ್ಲಿ ಎಚ್ಚರ

ಗಿಡ ಸಾಯಲು ಬೆಳಕಿನಷ್ಟೇ ಮುಖ್ಯವಾದ ಇನ್ನೊಂದು ಕಾರಣವಿದೆ. ನೀರಿನ ಗಿಡವೆಂದು ಮಾರಾಟವಾಗುವ ಕೆಲವು ನೀರಿನ ಗಿಡಗಳೇ ಅಲ್ಲ. ಉದ್ಯಾನಗಳ ಅಂಚಿಗೆ ನೆಡುವ ಮಾಂಡೊ ಗ್ರಾಸ್ ಇದಕ್ಕೆ ಒಳ್ಳೆಯ ಉದಾಹರಣೆ. ಕುಳ್ಳಗೆ, ಗಾಢ ಹಸಿರಾಗಿ ಇರುವ ಇದನ್ನು ಮುಂಭಾಗಕ್ಕೆ ತಕ್ಕ ಹುಲ್ಲೆಂದು ಕೊಡಲಾಗುತ್ತದೆ. ನೀರಿನೊಳಗೆ ಕೆಲವು ತಿಂಗಳು ಹಸಿರಾಗಿ ಕಂಡು ನಿಧಾನವಾಗಿ ಕೊಳೆಯುತ್ತದೆ. 'ಲಕ್ಕಿ ಬ್ಯಾಂಬೂ' ಎಂಬ ಡ್ರಸೀನಾ ಗಿಡವನ್ನು ಪೂರ್ತಿ ಮುಳುಗಿಸಿದಾಗಲೂ ಹೀಗೆಯೇ. ಎಲೆ ದಪ್ಪಗೆ, ಬಿರುಸಾಗಿದ್ದು, ನೀರಿನಿಂದ ಹೊರತೆಗೆದಾಗ ಬಾಗದೆ ನೆಟ್ಟಗೆ ನಿಂತರೆ ಒಮ್ಮೆ ಅನುಮಾನಿಸಿ ಹೆಸರು ಕೇಳುವುದು ಒಳ್ಳೆಯದು. ಅನೂಬಿಯಸ್‌ನಂಥ ಕೆಲವು ಇದಕ್ಕೆ ಅಪವಾದ.

ಆನ್‌ಲೈನ್ ಮಾರಾಟ ತಾಣಗಳಲ್ಲಿ ದೊರೆಯುವ 'ಕಾರ್ಪೆಟ್ ಬೀಜ'ಗಳದು ಇನ್ನೊಂದು ಕಥೆ. ಉದುರಿಸಿದ ವಾರದಲ್ಲೇ ಮೊಳಕೆಯೊಡೆದು ಹಸಿರು ಹಾಸು ಸಿದ್ಧ ಎಂಬ ಭರವಸೆ ಇವುಗಳದ್ದು. ಮೊಳಕೆ ಬರುವುದೇನೋ ನಿಜ. ಪೊಟ್ಟಣದ ಮೇಲಿನ ಹೆಸರಿಗೂ ಒಳಗಿನ ಬೀಜಕ್ಕೂ ಸಂಬಂಧ ಇರುವುದು ಅಪರೂಪ. ಬಂದ ಗಿಡ ಕೆಲವು ವಾರಗಳಲ್ಲಿ ಕೊಳೆತರೆ ನೀರು ಕೆಟ್ಟು ಮೀನು ಸಾಯುವ ಸಂಭವವಿದೆ. ಈ ಲೇಖನದಲ್ಲಿ ಹೆಸರಿಸಿದ ಗಿಡಗಳಾವುವನ್ನೂ ಹವ್ಯಾಸಿಗಳು ಬೀಜದಿಂದ ಬೆಳೆಸುವುದಿಲ್ಲ. ಕುಂಡದ ಸಸಿ ಅಥವಾ ಮುಚ್ಚಿದ ಬಟ್ಟಲಿನ ಅಂಗಾಂಶ ಕೃಷಿಯ ಸಸಿಗಳನ್ನೇ ಕೊಳ್ಳಬೇಕು. ಬಟ್ಟಲಿನವು ತುಸು ದುಬಾರಿಯಾದರೂ ಅವುಗಳೊಂದಿಗೆ ಪಾಚಿ, ಬಸವನಹುಳು ಬರುವುದಿಲ್ಲ.

ತಳದ ಸಿದ್ಧತೆ

ಮಾಸ್ ಮತ್ತು ಅನೂಬಿಯಸ್‌ಗಳಿಗೆ ಮಣ್ಣಿನ ಗೊಡವೆಯಿಲ್ಲ. ಕ್ರಿಪ್ಟೊಕೊರೈನ್, ಮಾರ್ಸಿಲಿಯಾ, ಸಜಿಟೇರಿಯಾಗಳು ಬೇರಿನಿಂದಲೇ ಹೆಚ್ಚು ಪೋಷಣೆ ಪಡೆಯುತ್ತವೆ. ಒಂದರಿಂದ ಮೂರು ಮಿಲಿಮೀಟರ್ ಕಣದ ಮರಳನ್ನು 5ರಿಂದ 6 ಸೆಂ.ಮೀ. ದಪ್ಪ ಹಾಕಬೇಕು. ಅಕ್ವೇರಿಯಂ ಅಂಗಡಿಯ ಬಣ್ಣದ ದಪ್ಪ ಕಲ್ಲುಗಳಲ್ಲಿ ಪುಟ್ಟ ಬೇರುಗಳು ಹಿಡಿತ ಸಾಧಿಸಲಾರವು. ಮರಳಿನ ಮೇಲೆ ನಿಂಬೆರಸ ಹಿಂಡಿದಾಗ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆಯೆಂದು ಅರ್ಥ. ಅದು ನೀರಿನ ಗಡಸುತನವನ್ನು ಹೆಚ್ಚಿಸುತ್ತದೆ.

ಮರಳಿನ ಕೆಳಗೆ ತೆಳುವಾದ ಪೋಷಕ ಪದರ ಇದ್ದರೆ ಉತ್ತಮ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದ ನಂತರ, ಸಾಧಾರಣ ತೋಟದ ಮಣ್ಣನ್ನೇ ತೆಳುವಾಗಿ ಹಾಕಿ ಮೇಲೆ ಮರಳು ಮುಚ್ಚುವ ಕ್ರಮ ಜನಪ್ರಿಯವಾಯಿತು. ಅನಿಲದ ಸಿಲಿಂಡರ್ ಇಲ್ಲದ ತೊಟ್ಟಿಗಳಿಗೆ ಹೊಂದುವ ವಿಧಾನವಿದು. ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ಮುರಕಲ್ಲು, ಅಂದರೆ ಲ್ಯಾಟರೈಟ್, ಕಬ್ಬಿಣದ ಮೂಲವಾಗಿ ಯುರೋಪಿನ ಅಕ್ವೇರಿಯಂಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಅದರ ಪುಡಿಯನ್ನು ತೊಳೆದು ಕೆಳಪದರದಲ್ಲಿ ಒಂದೆರಡು ಹಿಡಿಯಷ್ಟು ಬೆರೆಸಬಹುದು. ಸಗಣಿ ಗೊಬ್ಬರ, ಯೂರಿಯಾ ಸರ್ವಥಾ ಕೂಡದು. ಅವುಗಳಿಂದ ಹೊಮ್ಮುವ ಅಮೋನಿಯ ಮೀನಿಗೆ ವಿಷ. ಮಣ್ಣಿನ ಪದರ ಬೇಡವೆನ್ನುವವರು ಬೇರಿನ ಬಳಿ ಹೂಳುವ ಗೊಬ್ಬರದ ಗುಳಿಗೆಗಳನ್ನು ಎರಡು ಮೂರು ತಿಂಗಳಿಗೊಮ್ಮೆ ಇಟ್ಟರೆ ಸಾಕು.

ನಾಟಿ ಮಾಡುವ ಕ್ರಮ

ಕುಂಡದ ಗಿಡವನ್ನು ಹಾಗೆಯೇ ಇಡಿಯಾಗಿ ನೆಡುವುದು ಸಾಮಾನ್ಯ ತಪ್ಪು. ಬೇರಿನ ಸುತ್ತಲಿನ ನಾರನ್ನು ಬಿಡಿಸಿ, ಸಸಿಗಳನ್ನು ಬೇರ್ಪಡಿಸಿ, ಒಂದೊಂದನ್ನೇ ಚಿಮಟಿಗೆಯಿಂದ ನೆಡಬೇಕು. ಭತ್ತದ ನಾಟಿಯಂತೆ ಸಾಲು ಹಿಡಿದರೆ ಅನುಕೂಲ. ಎರಡು ಅಡಿ ತೊಟ್ಟಿಯ ಮುಂಭಾಗದ 10 ಸೆಂ.ಮೀ. ಪಟ್ಟಿಗೆ ಪಾರ್ವಾ ಸಸಿಗಳನ್ನು 3 ಸೆಂ.ಮೀ. ಅಂತರದಲ್ಲಿ ಮೂರು ಸಾಲಾಗಿ ನೆಟ್ಟರೆ ಸುಮಾರು 60 ಸಸಿಗಳು ಬೇಕು. ನಿಧಾನವಾಗಿ ಬೆಳೆಯುವ ಗಿಡಕ್ಕೆ ಮೊದಲೇ ಹೆಚ್ಚು ಸಸಿ ಹಾಕುವುದೇ ಸಮಯ ಉಳಿಸುವ ದಾರಿ. ಮಾರ್ಸಿಲಿಯಾ ಮತ್ತು ಸಜಿಟೇರಿಯಾಗಳಿಗೆ 4ರಿಂದ 5 ಸೆಂ.ಮೀ. ಅಂತರ ಸಾಕು. ಬೇರು ಮುಚ್ಚಬೇಕು, ಎಲೆಗಳು ಕೂಡುವ ಬುಡ ಹೊರಗಿರಬೇಕು.

ಮೊದಲ ಆರು ತಿಂಗಳು

ನೆಟ್ಟ ಎರಡು ವಾರದಲ್ಲಿ ಕ್ರಿಪ್ಟೊಕೊರೈನ್‌ನ ಎಲೆಗಳೆಲ್ಲ ಗಾಜಿನಂತೆ ಪಾರದರ್ಶಕವಾಗಿ ಕರಗಿಹೋದರೆ ಹೊಸಬರು ಕಂಗಾಲಾಗುತ್ತಾರೆ. ಗಿಡ ಸತ್ತಿತೆಂದು ಕಿತ್ತೆಸೆಯುವುದು ಆಗಲೇ. ಇದು ಈ ಗಿಡದ ಸ್ವಭಾವ. ನರ್ಸರಿಗಳಲ್ಲಿ ಇವನ್ನು ನೀರಿನಿಂದ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ನೀರಿಗೆ ಬಿದ್ದಾಗ ಹಳೆಯ ಎಲೆ ಕಳಚಿ, ಮುಳುಗಿದ ಬಾಳಿಗೆ ತಕ್ಕ ಹೊಸ ಎಲೆ ಹುಟ್ಟುತ್ತದೆ. ನೀರಿನ ಗುಣ, ಬೆಳಕು, ಜಾಗ ಬದಲಾದಾಗಲೂ ಹೀಗಾಗಬಹುದು. ಬೇರು ಗಟ್ಟಿಯಾಗಿದ್ದರೆ ಕೊಳೆತ ಎಲೆಯನ್ನಷ್ಟೇ ತೆಗೆದು ಮೂರರಿಂದ ಆರು ವಾರ ಕಾಯಬೇಕು. ಒಮ್ಮೆ ನೆಟ್ಟ ಗಿಡವನ್ನು ಮತ್ತೆ ಮತ್ತೆ ಕಿತ್ತು ಜಾಗ ಬದಲಿಸುವುದು ದೊಡ್ಡ ಅಪರಾಧ.

ದೀಪವನ್ನು ಮೊದಲ ತಿಂಗಳು ದಿನಕ್ಕೆ 6 ಗಂಟೆ, ನಂತರ 8 ಗಂಟೆ ಉರಿಸಿದರೆ ಸಾಕು. ಬೆಳಕು ಸಾಲದೆಂದು 12 ಗಂಟೆ ಉರಿಸಿದರೆ ಲಾಭ ಪಾಚಿಗೆ. ಕೆಲವು ನೂರು ರೂಪಾಯಿಯ ಟೈಮರ್ ಈ ಕೆಲಸವನ್ನು ಮರೆಯದೆ ಮಾಡುತ್ತದೆ. ತೊಟ್ಟಿಯ ಮೇಲೆ ನೇರ ಬಿಸಿಲು ಬೀಳಬಾರದು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ನಿವಾರಕ ಬೆರೆಸುವುದು ಅಗತ್ಯ.

ಹಾಸು ತುಂಬುವವರೆಗೆ ಖಾಲಿ ಮರಳು ಕಾಣುತ್ತಲೇ ಇರುತ್ತದೆ. ಈ ಅವಧಿಯಲ್ಲಿ ಹಿಂಭಾಗದಲ್ಲಿ ವ್ಯಾಲಿಸ್ನೇರಿಯಾದಂಥ ಬೇಗ ಬೆಳೆಯುವ ಗಿಡಗಳಿದ್ದರೆ ಅವು ನೀರಿನಲ್ಲಿನ ಹೆಚ್ಚುವರಿ ಪೋಷಕಾಂಶಗಳನ್ನು ಹೀರಿ ಪಾಚಿಗೆ ಅವಕಾಶ ಕೊಡುವುದಿಲ್ಲ. ಆದರೆ ಅವು ಬಾಗಿ ಮುಂಭಾಗಕ್ಕೆ ನೆರಳು ಮಾಡದಂತೆ ಕತ್ತರಿಸುತ್ತಿರಬೇಕು.

ಯಾವ ಮೀನು ಸರಿ?

ಗೋಲ್ಡ್ ಫಿಶ್ ಸಾಕುವವರು ಹಾಸುಗಿಡದ ಯೋಚನೆ ಬಿಡುವುದೇ ಕ್ಷೇಮ. ಮರಳನ್ನು ಬಾಯಿಯಿಂದ ಕೆದಕಿ ಆಹಾರ ಹುಡುಕುವುದು ಅದರ ಹುಟ್ಟುಗುಣ. ಅಂಥವರು ಕಲ್ಲಿಗೆ ಕಟ್ಟಿದ ಅನೂಬಿಯಸ್‌ಗೆ ಸೀಮಿತವಾಗಬಹುದು. ದೊಡ್ಡ ಸಿಕ್ಲಿಡ್‌ಗಳೂ ಗಿಡ ಕೀಳುವುದರಲ್ಲಿ ಹಿಂದಿಲ್ಲ. ಟೆಟ್ರಾ, ರಾಸ್ಬೋರಾ, ಗಪ್ಪಿಯಂಥ ಚಿಕ್ಕ ಮೀನುಗಳಿಂದ ತೊಂದರೆಯಿಲ್ಲ. ಚೆರ್ರಿ ಸೀಗಡಿಗಳು ಎಲೆಯ ಮೇಲಿನ ಎಳೆಯ ಪಾಚಿಯನ್ನು ಮೇಯುವುದರಿಂದ ನಿಧಾನವಾಗಿ ಬೆಳೆಯುವ ಗಿಡಗಳಿಗೆ ಒಳ್ಳೆಯ ಸಂಗಾತಿಗಳು.

ಘಟ್ಟದ ಗಿಡ, ಊರಿನ ಕೆರೆ

ಪಶ್ಚಿಮ ಘಟ್ಟದ ತೊರೆಗಳಲ್ಲಿ ಕ್ರಿಪ್ಟೊಕೊರೈನ್ ಮತ್ತು ಅದರ ಹತ್ತಿರದ ಬಂಧು ಲ್ಯಾಜೆನಾಂಡ್ರಾ ಕುಲದ ಗಿಡಗಳಿವೆ. ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಉದ್ದನೆಯ ಎಲೆಯದಾದ್ದರಿಂದ ಹಿಂಭಾಗಕ್ಕೆ ಹೊಂದುತ್ತದೆ. ಲ್ಯಾಜೆನಾಂಡ್ರಾ ಮೀಬೋಲ್ಡಿಐ ನಡುಭಾಗಕ್ಕೆ ಸೂಕ್ತ; ಮಂದ ಬೆಳಕನ್ನೂ ಸಹಿಸುತ್ತದೆ. ಇವನ್ನು ನರ್ಸರಿಗಳಿಂದ ಕೊಳ್ಳಬೇಕೇ ಹೊರತು ಪ್ರವಾಸಕ್ಕೆ ಹೋದಾಗ ತೊರೆಯಿಂದ ಕಿತ್ತು ತರಬಾರದು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಗಿಡ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಲ್ಲದೆ ಹರಿಯುವ ತೊರೆಯಿಂದ ಕಿತ್ತ ಗಿಡ ತೊಟ್ಟಿಯಲ್ಲಿ ಬದುಕುವುದೂ ಅಪರೂಪ.

ಇದಕ್ಕೆ ವಿರುದ್ಧ ದಿಕ್ಕಿನ ಅಪಾಯ ಇನ್ನೂ ದೊಡ್ಡದು. ಕತ್ತರಿಸಿದ ತುಂಡುಗಳನ್ನು, ಬೇಡವಾದ ಗಿಡಗಳನ್ನು ಕೆರೆಗೋ ಚರಂಡಿಗೋ ಎಸೆಯುವ ಅಭ್ಯಾಸ ಹಲವರಲ್ಲಿದೆ. ರಾಜ್ಯದ ಕೆರೆಗಳನ್ನು ಮುಚ್ಚಿರುವ, ನೇರಳೆ ಹೂವಿನ ವಾಟರ್ ಹಯಾಸಿಂತ್ ದಕ್ಷಿಣ ಅಮೆರಿಕದಿಂದ ಅಲಂಕಾರದ ಗಿಡವಾಗಿಯೇ ಬಂದದ್ದು. ಕೇರಳದ ಜಲಮೂಲಗಳಲ್ಲಿ ಹರಡಿರುವ ಕಬೊಂಬಾ ಅಕ್ವೇರಿಯಂಗಳಲ್ಲಿ ಬಳಕೆಯಲ್ಲಿರುವ ಗಿಡ. ಸಜಿಟೇರಿಯಾದಂಥ ಹಬ್ಬುವ ವಿದೇಶಿ ಗಿಡಗಳಿಗೆ ನಮ್ಮ ಹವೆ ಚೆನ್ನಾಗಿಯೇ ಒಗ್ಗುತ್ತದೆ. ಕತ್ತರಿಸಿದ ತುಂಡುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಅಥವಾ ಗೊಬ್ಬರದ ಗುಂಡಿಗೆ ಹಾಕಬೇಕು.

ಒಟ್ಟಾರೆ ಹೇಳುವುದಾದರೆ

ಎರಡು ಅಡಿಯ, ಅನಿಲದ ಸಿಲಿಂಡರ್ ಇಲ್ಲದ ತೊಟ್ಟಿಗೆ ಈ ಸಂಯೋಜನೆ ಹೊಂದುತ್ತದೆ: ಬೆಳಕು ಚೆನ್ನಾಗಿ ಬೀಳುವ ಮುಂಭಾಗದಲ್ಲಿ ಮಾರ್ಸಿಲಿಯಾ ಅಥವಾ ಪಾರ್ವಾ, ಅದರ ಹಿಂದೆ ಅಲ್ಲಲ್ಲಿ ಕ್ರಿಪ್ಟೊಕೊರೈನ್ ವೆಂಟಿಐ, ನೆರಳಿನ ಮೂಲೆಗಳಲ್ಲಿ ಕಲ್ಲಿಗೆ ಕಟ್ಟಿದ ಅನೂಬಿಯಸ್ ಮತ್ತು ಮಾಸ್. ಹಣ ಕಡಿಮೆಯಿದ್ದರೆ ಮಾಸ್ ಮತ್ತು ವೆಂಟಿಐಯಿಂದ ಆರಂಭಿಸಿ, ಅವು ಗಟ್ಟಿಯಾಗಿ ನಿಂತ ಮೇಲೆ ಉಳಿದವನ್ನು ಸೇರಿಸಬಹುದು.

ಮೂರು ತಿಂಗಳಿಗೆ ಈ ತೊಟ್ಟಿ ಅಲ್ಲಲ್ಲಿ ಬೋಳಾಗಿಯೇ ಕಾಣುತ್ತದೆ. ವರ್ಷ ಕಳೆದ ಮೇಲೆ ನೋಡಿದರೆ ಹಾಸು ತಾನಾಗಿ ಮೂಡಿರುತ್ತದೆ, ಅದನ್ನು ಕಾಪಾಡಲು ವಾರಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುವುದಿಲ್ಲ. ನಡುವಿನ ಒಂಬತ್ತು ತಿಂಗಳು ದೀಪ ಹೆಚ್ಚಿಸದೆ, ಗಿಡ ಕೀಳದೆ ಇರಬಲ್ಲವರಿಗೆ ಮಂದ ಬೆಳಕು ಅಡ್ಡಿಯಾಗದು.